ದ್ವೀಪಾಂತರಕ್ಕೆ ಹೋದ ಹೆಣ್ಣುಮಕ್ಕಳು

ಅಪರಾಧಿಯನ್ನು ಹುಟ್ಟಿದ ನೆಲದಿಂದ ಬಿಡಿಸಿ, ಕಡಲಾಚೆಯ ವಸಾಹತಿನಲ್ಲಿ ದುಡಿಮೆಗೆ ಹಚ್ಚುವ ದಂಡನೆಗೆ ದ್ವೀಪಾಂತರ ಶಿಕ್ಷೆಯೆಂದು ಹೆಸರು. ಜನರ ಬಾಯಲ್ಲಿ ಅದೇ ಕರಿನೀರು, ಕಾಲಾಪಾನಿ. ಬೀದರ್, ಭಾಲ್ಕಿ, ಔರಾದ್ ಸೀಮೆ ಸೇರಿದ್ದ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಈ ಶಿಕ್ಷೆಯ ನೆನಪು ಮೌಲ್ವಿ ಅಲಾವುದ್ದೀನರೊಂದಿಗೆ ಬೆಸೆದುಕೊಂಡಿದೆ. 1857ರ ಜುಲೈ 17ರಂದು ಬ್ರಿಟಿಷ್ ಪ್ರತಿನಿಧಿಯ ನಿವಾಸವಾದ ರೆಸಿಡೆನ್ಸಿಯ ಮೇಲೆ ನಡೆದ ದಾಳಿಯ ಮುಂದಾಳುಗಳಲ್ಲಿ ಒಬ್ಬರಾಗಿದ್ದ ಅವರನ್ನು ಅಂಡಮಾನಿಗೆ ಸಾಗಿಸಲಾಯಿತು. ಇಂಥ ಗಂಡಸರ ಹೆಸರುಗಳು ಚರಿತ್ರೆಯಲ್ಲಿ ಉಳಿದವು. ಅದೇ ಕಡಲನ್ನು ದಾಟಿದ ಹೆಂಗಸರು ಮರೆತುಹೋದರು. ಅವರನ್ನು ಸಾಗಿಸಿದ್ದು ಅವರ ಅಪರಾಧಕ್ಕಾಗಿ ಮಾತ್ರವಲ್ಲ, ವಸಾಹತಿನ ಗಂಡಸರಿಗೆ ಹೆಂಡಂದಿರು ಬೇಕೆಂಬ ಲೆಕ್ಕಾಚಾರದಿಂದಲೂ ಹೌದು.

ಈ ಲೆಕ್ಕ ಮೊದಲು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದುದು ಆಸ್ಟ್ರೇಲಿಯಾದಲ್ಲಿ. ಸ್ವಾತಂತ್ರ್ಯ ಯುದ್ಧದಿಂದಾಗಿ ಅಮೆರಿಕದ ಬಾಗಿಲು ಮುಚ್ಚಿದ ಮೇಲೆ ಬ್ರಿಟನ್ ತನ್ನ ಕೈದಿಗಳನ್ನು ಆಸ್ಟ್ರೇಲಿಯಾಕ್ಕೆ ಕಳುಹಿಸತೊಡಗಿತು. 1788ರಲ್ಲಿ ತಲುಪಿದ ಹನ್ನೊಂದು ಹಡಗುಗಳ ಮೊದಲ ತಂಡದಲ್ಲಿ ಸುಮಾರು 190 ಮಹಿಳಾ ಕೈದಿಗಳಿದ್ದರು; 1868ರ ಹೊತ್ತಿಗೆ ಸಾಗಿಸಲಾದ ಸುಮಾರು 1,62,000 ಜನರಲ್ಲಿ ಮಹಿಳೆಯರು ಸುಮಾರು 25,000. ಇವರಲ್ಲಿ ಬಹುತೇಕರು ಮನೆಗೆಲಸದ ಬಡ ಹೆಂಗಸರು. ಅಂಗಡಿಯ ಬಟ್ಟೆಯನ್ನೋ ಒಡತಿಯ ಉಡುಪನ್ನೋ ಕದ್ದುದಕ್ಕೆ ಏಳು ವರ್ಷದ ಶಿಕ್ಷೆ ಪಡೆದವರು. ಅವಧಿ ಮುಗಿದರೂ ಹಿಂದಿರುಗುವ ಹಡಗಿನ ಖರ್ಚನ್ನು ತಾವೇ ಭರಿಸಬೇಕಾಗಿದ್ದುದರಿಂದ ಏಳು ವರ್ಷವೆಂಬುದು ಹೆಚ್ಚಿನವರಿಗೆ ಜೀವಮಾನವೇ ಆಯಿತು.

ಸಿಡ್ನಿಯ ಸಮೀಪದ ಪ್ಯಾರಮಟ್ಟಾದಲ್ಲಿ 1821ರಲ್ಲಿ ತೆರೆದ 'ಫೀಮೇಲ್ ಫ್ಯಾಕ್ಟರಿ' ಹೆಸರಿಗೆ ಕಾರ್ಖಾನೆ. ವಾಸ್ತವದಲ್ಲಿ ಅದು ಏಕಕಾಲಕ್ಕೆ ಸೆರೆಮನೆ, ಉಣ್ಣೆ ನೂಲುವ ಕೆಲಸದ ಮನೆ, ಹೆರಿಗೆಯ ತಾಣ ಮತ್ತು ಮದುವೆಯ ಚಾವಡಿ. ಹೆಂಡತಿ ಬೇಕಾದ ಗಂಡಸು ಅನುಮತಿಪತ್ರ ಹಿಡಿದು ಬಂದರೆ ಹೆಂಗಸರನ್ನು ಸಾಲಾಗಿ ನಿಲ್ಲಿಸಲಾಗುತ್ತಿತ್ತು. ಒಪ್ಪಿಕೊಂಡವಳಿಗೆ ಬಿಡುಗಡೆಯ ದಾರಿ ತೆರೆಯುತ್ತಿತ್ತು. ತಪ್ಪಿಗೆ ತಲೆಗೂದಲು ಕತ್ತರಿಸುವುದು ಅಲ್ಲಿಯ ದಂಡನೆಗಳಲ್ಲೊಂದು. ಆದರೂ ಅವರು ಬರಿಯ ಅಬಲೆಯರಾಗಿರಲಿಲ್ಲ: 1827ರ ಅಕ್ಟೋಬರಿನಲ್ಲಿ ಆಹಾರದ ಪಾಲು ಕಡಿತಗೊಂಡಾಗ ಗೇಟು ಮುರಿದು ಊರೊಳಗೆ ನುಗ್ಗಿ, ಅಂಗಡಿಗಳಿಂದ ರೊಟ್ಟಿ, ಮಾಂಸಗಳನ್ನು ಹೊತ್ತು ತಂದರು.

1858ರ ಮಾರ್ಚಿನಲ್ಲಿ ಡಾ. ಜೆ.ಪಿ. ವಾಕರ್ 200 ಕೈದಿಗಳೊಂದಿಗೆ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿ ವಸಾಹತು ಸ್ಥಾಪಿಸಿದ ಬಳಿಕ ಇದೇ ನೀತಿ ಭಾರತದ ಹೆಂಗಸರ ಮೇಲೂ ಬಂತು. ಇಲ್ಲಿಯ ಅಪರಾಧಗಳು ಬೇರೆ: ಹೆಚ್ಚಿನವರು ಕೊಲೆಯ ಅಪರಾಧಿಗಳು, ಅವರಲ್ಲಿ ಲೋಕಾಪವಾದಕ್ಕೆ ಅಂಜಿ ಹಸುಗೂಸನ್ನು ಕೊಂದ ವಿಧವೆಯರೂ ಇದ್ದರು. ಆ ಮಗುವಿನ ತಂದೆಯನ್ನು ಕಾನೂನು ಸಾಮಾನ್ಯವಾಗಿ ಕೇಳಲಿಲ್ಲವೆಂಬುದು ಈ ಶಿಕ್ಷೆಯೊಳಗಿನ ದೊಡ್ಡ ಅನ್ಯಾಯ. ಸೌತ್ ಪಾಯಿಂಟಿನ ಮಹಿಳಾ ಸೆರೆಮನೆಯಲ್ಲಿ ನಿಗದಿತ ಕಾಲ ಕಳೆದ ಮೇಲೆ, ಜಮೀನು ಪಡೆದು ಸ್ವಂತ ದುಡಿಮೆಯಲ್ಲಿ ಬದುಕಲು ಅನುಮತಿಯಿದ್ದ 'ಸೆಲ್ಫ್ ಸಪೋರ್ಟರ್' ಕೈದಿಯನ್ನು, ಅಧಿಕಾರಿಯ ಒಪ್ಪಿಗೆಯೊಂದಿಗೆ, ಮದುವೆಯಾಗಬಹುದಿತ್ತು. ಇಂದು ಪ್ರವಾಸಿಗರು ನೋಡುವ ಸೆಲ್ಯುಲಾರ್ ಜೈಲು 1906ರಲ್ಲಿ ಗಂಡಸರಿಗಾಗಿ ಪೂರ್ಣಗೊಂಡ ಕಟ್ಟಡವಾದ್ದರಿಂದ ಆ ಹೆಂಗಸರ ಕಥೆ ಅಲ್ಲಿ ಸಿಗದು.

ಸ್ವತಂತ್ರ ಭಾರತ 1955ರ ತಿದ್ದುಪಡಿಯ ಮೂಲಕ ದಂಡ ಸಂಹಿತೆಯಿಂದ ದ್ವೀಪಾಂತರವನ್ನು ತೆಗೆದು, ಅದರ ಜಾಗದಲ್ಲಿ ಜೀವಾವಧಿ ಸೆರೆವಾಸವನ್ನು ಇರಿಸಿತು. ಸೌತ್ ಪಾಯಿಂಟಿನಿಂದ ಮದುವೆಯಾಗಿ ಹೊರಬಂದ ಹೆಂಗಸರ ಸಂತತಿ ಮಾತ್ರ ಜಾತಿ, ಪ್ರಾಂತಗಳನ್ನು ಮೀರಿ ಹಿಂದುಸ್ತಾನಿಯನ್ನು ಮನೆಮಾತಾಗಿಸಿಕೊಂಡು, 'ಲೋಕಲ್ ಬಾರ್ನ್' ಎಂಬ ಹೆಸರಿನಲ್ಲಿ ಅಂಡಮಾನಿನಲ್ಲೇ ನೆಲೆ ನಿಂತಿದೆ.