ಮನೆಗೆ ಮೂವರು ಗಿರಾಕಿ ಬಂದಾಗ

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಟೆಂಡರಿಗೆ ಹೆಚ್ಚು ದರ ಹಾಕಿದವರಿಗೆ ಮಾಲು. ಹಾವೇರಿ, ರಾಣೆಬೆನ್ನೂರುಗಳಲ್ಲಿ ಮನೆ ಮಾರುವವರೂ ಇದೇ ಲೆಕ್ಕ ಹಿಡಿಯುತ್ತಾರೆ. ಆದರೆ ಮನೆಯ ವ್ಯವಹಾರ ಮಾತುಕತೆಯಿಂದ ಖರೀದಿ ಪತ್ರ ಆಗುವವರೆಗೆ ತಿಂಗಳುಗಟ್ಟಲೆ ಎಳೆಯುತ್ತದೆ. ಎಡವುವುದು ಆ ನಡುವಿನ ದಿನಗಳಲ್ಲಿ.

ತಪ್ಪು ಕಲ್ಪನೆ: ಹೆಚ್ಚು ಹೇಳಿದವರೇ ಒಳ್ಳೆಯ ಗಿರಾಕಿ.

ವಾಸ್ತವ: ಹಣ ಎಲ್ಲಿಂದ, ಯಾವಾಗ ಬರುತ್ತದೆಂದು ಮೊದಲು ಕೇಳಿ. ಬ್ಯಾಂಕು ತನ್ನದೇ ಮೌಲ್ಯಮಾಪನ ಮಾಡಿಸುತ್ತದೆ. ನಿಮ್ಮ ದರ ಅದಕ್ಕಿಂತ ಹೆಚ್ಚಿದ್ದರೆ ಉಳಿದದ್ದನ್ನು ಗಿರಾಕಿ ಕೈಯಿಂದಲೇ ಹಾಕಬೇಕು. ಅದರ ಮೇಲೆ ಶೇ 5 ಮುದ್ರಾಂಕ ಶುಲ್ಕ, 2025ರ ಆಗಸ್ಟ್ 31ರಿಂದ ಶೇ 2 ನೋಂದಣಿ ಶುಲ್ಕ. ಲಕ್ಷ ರೂಪಾಯಿ ಕಡಿಮೆ ಹೇಳಿದರೂ ಹಣ ಸಿದ್ಧವಿಟ್ಟುಕೊಂಡವರೇ ಎಷ್ಟೋ ಸಲ ಮೇಲು.

ತಪ್ಪು ಕಲ್ಪನೆ: ಸಂಚಕಾರ ಪಡೆದ ಮೇಲೂ ಹೆಚ್ಚಿನ ದರ ಬಂದರೆ, ದುಪ್ಪಟ್ಟು ಹಿಂದಿರುಗಿಸಿ ಬಿಡಿಸಿಕೊಳ್ಳಬಹುದು.

ವಾಸ್ತವ: ಊರಲ್ಲಿ ಈ ಮಾತು ಬಲವಾಗಿ ಬೇರೂರಿದೆ, ಮನೆಗಳನ್ನು ಕೋರ್ಟಿಗೆ ಎಳೆಯುವುದೂ ಇದೇ. ಸಂಚಕಾರ ಪತ್ರಕ್ಕೆ ಸಹಿ ಹಾಕಿದ ಮೇಲೆ ಗಿರಾಕಿ ತನ್ನ ಪಾಲಿನ ಹಣಕ್ಕೆ ಸಿದ್ಧನಿದ್ದರೆ, ಖರೀದಿ ಪತ್ರವನ್ನೇ ಮಾಡಿಸಿಕೊಡಿ ಎಂದು ದಾವೆ ಹೂಡಬಹುದು. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಗೆ 2018ರಲ್ಲಿ ಬಂದ ತಿದ್ದುಪಡಿ ಅವನ ಕೈಯನ್ನು ಇನ್ನಷ್ಟು ಬಲಪಡಿಸಿದೆ. ಕರಾರಿನಲ್ಲಿ ದಂಡದ ಮೊತ್ತ ಬರೆದ ಮಾತ್ರಕ್ಕೆ ದಾವೆ ತಪ್ಪದು. ಮೊದಲ ಕರಾರು ಗೊತ್ತಿದ್ದೂ ಕೊಂಡ ಎರಡನೆಯವನೂ ಸಿಕ್ಕಿಬೀಳುತ್ತಾನೆ. ಹೋಲಿಕೆ, ಚೌಕಾಶಿ ಎಲ್ಲ ಸಹಿಗೆ ಮುಂಚೆಯೇ ಮುಗಿಯಲಿ.

ತಪ್ಪು ಕಲ್ಪನೆ: ಸಂಚಕಾರ ನಗದಿನಲ್ಲೇ ಸಲೀಸು.

ವಾಸ್ತವ: ಆಸ್ತಿ ಮಾರಾಟಕ್ಕೆ 20,000 ರೂಪಾಯಿ ಅಥವಾ ಹೆಚ್ಚು ನಗದು ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಪಡೆದವರಿಗೆ.

ತಪ್ಪು ಕಲ್ಪನೆ: ಒಬ್ಬರ ದರವನ್ನು ಇನ್ನೊಬ್ಬರಿಗೆ ಹಿಗ್ಗಿಸಿ ಹೇಳಿದರೆ ಬೆಲೆ ಏರುತ್ತದೆ.

ವಾಸ್ತವ: ಗಿರಾಕಿಗಳೆಲ್ಲ ಅದೇ ಪೇಟೆಯವರು, ಏಜೆಂಟರೂ ಅವರೇ. ಸುಳ್ಳು ಸಂಜೆಯೊಳಗೆ ಬಯಲಾಗುತ್ತದೆ. ಎಲ್ಲರಿಗೂ ಒಂದೇ ಗಡುವು ಕೊಟ್ಟು, ಕೊನೆಯ ದರ, ಸಂಚಕಾರದ ಮೊತ್ತ, ನೋಂದಣಿಯ ದಿನ ಬರೆದು ಕೊಡಲು ಹೇಳಿ.

ತಪ್ಪು ಕಲ್ಪನೆ: ಕಾಗದಪತ್ರ ಆಮೇಲೆ ನೋಡಿದರಾಯಿತು.

ವಾಸ್ತವ: ಪಿತ್ರಾರ್ಜಿತ ಮನೆಯಾದರೆ ಅಕ್ಕತಂಗಿಯರ ಹಕ್ಕು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಅಣ್ಣತಮ್ಮಂದಿರ ಹಕ್ಕಿನಷ್ಟೇ. ಅವರ ಒಪ್ಪಿಗೆ ಇಲ್ಲದೆ ದರ ಮಾತಾಡುವುದು ಅನ್ಯಾಯ, ಅಪಾಯ ಕೂಡ. ಇ-ಖಾತೆ, ಋಣಭಾರ ಪತ್ರ ಮೊದಲೇ ತೆಗೆಸಿಡಿ. ಮತ್ತೆ, ಒಬ್ಬರನ್ನು ಆರಿಸಿದ ದಿನವೇ ಮನೆ ಸಿಗದ ಗಿರಾಕಿಗಳಿಗೆ ತಿಳಿಸಿಬಿಡಿ. ಅವರೂ ಬೇರೆ ಮನೆ ಹುಡುಕಬೇಕಲ್ಲ.