ಕಿವಿಗೆ ಹಿತವಾದ ಇಯರ್‌ಫೋನು

ಬೆಳಗಿನ ಎಂಟು ಗಂಟೆಯ ವೇಳೆಗೆ ಸಿಂಗಸಂದ್ರದ ಮೆಟ್ರೋ ನಿಲ್ದಾಣದಲ್ಲಿ ಕ್ಷಣಕಾಲ ನಿಂತು ನೋಡಿದರೆ, ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಕೆಲಸಕ್ಕೆ ಹೊರಟ ತರುಣ ತರುಣಿಯರಲ್ಲಿ ಬರಿಗಿವಿಯವರು ಅಪರೂಪವೆಂದು ತಿಳಿಯುವುದು. ಒಂದು ಕಾಲಕ್ಕೆ ಓಲೆ, ಬುಗುಡಿ, ಕಡುಕುಗಳಿಗೆ ಮೀಸಲಾಗಿದ್ದ ಅಂಗವನ್ನು ಈಗ ಇಯರ್‌ಫೋನು ಆಕ್ರಮಿಸಿಕೊಂಡಿದೆ. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಆದರೆ ಹೊರಗಿವಿಗೆ ಓಲೆ ಕೊಳ್ಳುವಾಗ ನಾಲ್ಕು ಅಂಗಡಿಗಳನ್ನು ಹತ್ತಿ ಇಳಿಯುವ ಗೃಹಸ್ಥರೇ, ಒಳಗಿವಿಗೆ ಸೇರಿಸುವ ವಸ್ತುವನ್ನು ಕೊಳ್ಳುವಾಗ ಬಣ್ಣವನ್ನೂ ಬೆಲೆಯನ್ನೂ ನೋಡಿ ಸುಮ್ಮನಾಗುತ್ತಾರೆ. ನಾವೂ ಹಾಗೆಯೇ ಮಾಡಿದವರು. ಆ ತಪ್ಪಿನಿಂದ ಕಲಿತ ಪಾಠವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈಗ್ಗೆ ಕೆಲವು ತಿಂಗಳ ಹಿಂದೆ ನಡೆದ ಸಂಗತಿ ಇದು. ನಮ್ಮ ಕಿರಿಯ ಮಗಳು ಹತ್ತು ವರ್ಷ ವೀಣೆ ಕಲಿತವಳು. ಈಗ ಒಂದು ಕಂಪನಿಯ ಉದ್ಯೋಗದಲ್ಲಿದ್ದು, ದಿನಕ್ಕೆ ನಾಲ್ಕೈದು ಗಂಟೆ ಫೋನಿನಲ್ಲಿಯೇ ಮಾತನಾಡಬೇಕಾದವಳು. ಮುನ್ನೂರು ರೂಪಾಯಿಗೆ ನಾವೇ ತಂದುಕೊಟ್ಟ ಇಯರ್‌ಫೋನು ಅವಳ ಕಿವಿಯಲ್ಲಿ ಸರಿಯಾಗಿ ನಿಲ್ಲುತ್ತಿರಲಿಲ್ಲ. ಹೊಸೂರು ರಸ್ತೆಯ ಬಸ್ಸಿನ ಗದ್ದಲದಲ್ಲಿ ಮಾತು ಕೇಳದಾಗಲು, ಅವಳು ಧ್ವನಿಯನ್ನು ತುದಿಯವರೆಗೆ ಏರಿಸಿಕೊಳ್ಳುವಳು. ಒಂದು ಸಂಜೆ ಮನೆಗೆ ಬಂದವಳೇ, “ಅಪ್ಪ, ಕಿವಿಯೊಳಗೆ ಜೀರುಂಡೆ ಕೂಗಿದ ಹಾಗೆ ಆಗ್ತಿದೆ” ಎಂದಳು. ಹಿಂದಿನ ಕಿಟಕಿಯ ಹೊರಗೆ ಆಗ ಜೀರುಂಡೆ ಯಾವುದೂ ಇರಲಿಲ್ಲ. ಅಂದು ವೀಣೆಯ ಶ್ರುತಿ ಕೂಡಿಸಲು ಕುಳಿತವಳು ಎರಡು ಬಾರಿ ಯತ್ನಿಸಿ, ಆಗದೆ, ವೀಣೆಯನ್ನು ಹಾಗೆಯೇ ಗವುಸಿಗೆ ಸೇರಿಸಿದಳು. ಮರುದಿನ ಕಿವಿಯ ವೈದ್ಯರು ಪರೀಕ್ಷಿಸಿ, “ಈ ಸಲ ಇಳಿಯುತ್ತೆ. ಇದು ಎಚ್ಚರಿಕೆಯ ಗಂಟೆ ಅಂತ ತಿಳ್ಕೊಳ್ಳಿ” ಎಂದರು. ನಾಲ್ಕು ದಿನದಲ್ಲಿ ಅದು ಇಳಿಯಿತು; ನಮ್ಮ ಮನಸ್ಸಿನ ಕಳವಳ ಮಾತ್ರ ಬೇಗ ಇಳಿಯಲಿಲ್ಲ.

ಕಿವಿಯ ರಚನೆಯನ್ನು ತುಸು ತಿಳಿದರೆ ಆ ಎಚ್ಚರಿಕೆಯ ಅರ್ಥವಾಗುತ್ತದೆ. ಹೊರಗಿವಿಯಿಂದ ತಮಟೆಯವರೆಗೆ ಹೋಗುವ ನಾಳವು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದವಿದ್ದು, ನೆಟ್ಟಗಿರದೆ ತುಸು ಬಾಗಿ ಬಳುಕಿರುತ್ತದೆ. ತಮಟೆಯ ಕಂಪನವನ್ನು ಮೂರು ಪುಟ್ಟ ಎಲುಬುಗಳು ಒಳಗಿನ ಶಂಖಾಕೃತಿಯ ಅಂಗಕ್ಕೆ ಮುಟ್ಟಿಸುತ್ತವೆ. ಅಲ್ಲಿರುವ ಸೂಕ್ಷ್ಮವಾದ ರೋಮಕೋಶಗಳು ಅದನ್ನು ನರಕ್ಕೆ ಒಪ್ಪಿಸುತ್ತವೆ. ಉಗುರು ಕೂದಲುಗಳಂತೆ ಈ ಕೋಶಗಳು ಮತ್ತೆ ಬೆಳೆಯವು. ಒಮ್ಮೆ ನಾಶವಾದರೆ ಮನುಷ್ಯನಿಗೆ ಅವು ಹೋದಂತೆಯೇ ಸರಿ.

ನಮ್ಮ ತಾರ್ಕಿಕರು ಶಬ್ದವು ಆಕಾಶದ ಗುಣವೆಂದು ಹೇಳಿ, ಕರ್ಣಶಷ್ಕುಲಿಯೊಳಗೆ ಅಡಗಿದ ಆಕಾಶವೇ ಶ್ರೋತ್ರೇಂದ್ರಿಯವೆಂದು ಲಕ್ಷಣ ಮಾಡಿದರು. ಶಷ್ಕುಲಿಯೆಂದರೆ ಬೇರೆ ಏನೂ ಅಲ್ಲ, ನಮ್ಮ ಮನೆಗಳ ಚಕ್ಕುಲಿಯೇ. ಹೊರಗಿವಿಯ ಸುತ್ತುಗಳನ್ನು ಕಂಡು ಇಟ್ಟ ಹೆಸರು. ಶಬ್ದವು ವಾಯುವಿನ ಕಂಪನವೆಂದು ಇಂದು ಸಿದ್ಧವಾಗಿರುವುದರಿಂದ ಆ ಲಕ್ಷಣದ ಮೊದಲ ಭಾಗವನ್ನು ಬಿಡಬೇಕಾದೀತು. ಆದರೆ ಎರಡನೆಯ ಭಾಗವು ಇಯರ್‌ಫೋನಿನ ವಿಷಯದಲ್ಲಿ ಆಶ್ಚರ್ಯಕರವಾಗಿ ಹೊಂದುತ್ತದೆ. ನಾಳದೊಳಗೆ ಸೇರುವ ಇಯರ್‌ಫೋನು ನುಡಿಯಬೇಕಾದದ್ದು ಆ ಪುಟ್ಟ ಅವಕಾಶದಲ್ಲಿ ಸೆರೆಯಾದ ಗಾಳಿಯನ್ನು. ಬಾಯಿ ಬಿಗಿಯಾಗಿ ಮುಚ್ಚಿದ್ದರೆ ಅಲ್ಪ ಶಕ್ತಿಯಿಂದಲೇ ಅದು ನುಡಿಯುತ್ತದೆ. ಎಲ್ಲಿಯಾದರೂ ಸಂದು ಉಳಿದರೆ ಮೊದಲು ಮಂದ್ರಸ್ವರಗಳು ಸೋರಿ ಹೋಗುತ್ತವೆ, ಹೊರಗಿನ ಗದ್ದಲ ಒಳಗೆ ನುಗ್ಗುತ್ತದೆ, ಕೇಳುವವನು ಧ್ವನಿಯನ್ನು ಏರಿಸುತ್ತಾನೆ. ನಮ್ಮ ಮನೆಯಲ್ಲಿ ನಡೆದದ್ದೂ ಇದೇ.

ಕಿವಿಗೆ ಯಂತ್ರವನ್ನು ಹಚ್ಚಿ ಕೇಳುವ ಪದ್ಧತಿ ಹೊಸದಲ್ಲ. ಅಮೆರಿಕೆಯ ಯೂಟಾ ಪ್ರಾಂತದ ನಥೇನಿಯಲ್ ಬಾಲ್ಡ್ವಿನ್ ಎಂಬಾತನು ಅಡಿಗೆಮನೆಯ ಮೇಜಿನ ಮೇಲೆ ಹೆಡ್‌ಫೋನುಗಳನ್ನು ಜೋಡಿಸಿ, ೧೯೧೦ರ ಸುಮಾರಿನಲ್ಲಿ ಆ ದೇಶದ ನೌಕಾಪಡೆಗೆ ಒದಗಿಸಿದನು. ಮೈಸೂರಿನಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದ ೧೯೩೫ರಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದ ಕಾಲದಲ್ಲಿ, ಸ್ಫಟಿಕದ ರೇಡಿಯೋ ಇಟ್ಟುಕೊಂಡವರು ಹೆಡ್‌ಫೋನಿಲ್ಲದೆ ಏನನ್ನೂ ಕೇಳುವಂತಿರಲಿಲ್ಲ. ೧೯೭೯ರಲ್ಲಿ ಜಪಾನಿನ ಸೋನಿ ಕಂಪನಿಯ ವಾಕ್‌ಮನ್ ಬಂದ ಮೇಲೆ ನಡೆಯುತ್ತಲೇ ಸಂಗೀತ ಕೇಳುವುದು ರೂಢಿಯಾಯಿತು. ಅಂದಿನವು ಕಿವಿಯ ಮೇಲೆ ಕುಳಿತುಕೊಳ್ಳುತ್ತಿದ್ದವು. ಇಂದಿನವು ಕಿವಿಯೊಳಗೆ ಸೇರುತ್ತವೆ. ಆದಕಾರಣ ಅಳತೆಯ ವಿಚಾರವೇ ಈಗ ಮುಖ್ಯ.

ಹೊಂದಿಕೆಯನ್ನು ನೋಡುವ ಕ್ರಮ ಹೀಗೆ. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಸಣ್ಣ, ನಡುವಣ, ದೊಡ್ಡ ಎಂಬ ಮೂರು ಅಳತೆಯ ರಬ್ಬರಿನಂಥ ಟೊಪ್ಪಿಗೆಗಳು ಇರುತ್ತವೆ. ಬಹುಜನರು ಯಂತ್ರಕ್ಕೆ ಮೊದಲೇ ತೊಡಿಸಿರುವ ನಡುವಣದನ್ನೇ ಕೊನೆಯವರೆಗೂ ಇಟ್ಟುಕೊಂಡು, ಯಂತ್ರವನ್ನು ದೂರುತ್ತಾರೆ. ಮೂರನ್ನೂ ತೊಡಿಸಿ ನೋಡಬೇಕು. ಒಬ್ಬರದೇ ಎರಡು ಕಿವಿಗಳು ಒಂದೇ ಅಳತೆಯವಾಗಿರಬೇಕೆಂಬ ನಿಯಮವಿಲ್ಲ. ನಮ್ಮ ಮಗಳ ಬಲಗಿವಿಗೆ ನಡುವಣದೂ ಎಡಗಿವಿಗೆ ಸಣ್ಣದೂ ಹೊಂದಿದವು. ತೊಡುವಾಗ ಎದುರುಗೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲನೆ ಎಳೆದು ಹಿಡಿದರೆ ನಾಳವು ನೇರವಾಗಿ, ಟೊಪ್ಪಿಗೆ ಸುಲಭವಾಗಿ ಕೂಡುತ್ತದೆ. ಬಳಿಕ ನಾಲ್ಕು ಮಾತು ಆಡಿ, ಒಂದಿಷ್ಟು ಅವಲಕ್ಕಿಯನ್ನಾದರೂ ಅಗಿದು ನೋಡುವುದು. ದವಡೆಯಾಡಿದಾಗ ನಾಳದ ಆಕಾರವೂ ತುಸು ಬದಲಾಗುವುದರಿಂದ, ಆಗಲೂ ಸಡಿಲವಾಗದಿದ್ದರೆ ಹೊಂದಿಕೆ ಸರಿಯೆಂದು ತಿಳಿಯಬಹುದು. ಅರ್ಧ ಗಂಟೆಯಾದ ಮೇಲೆ ನೋವು ಕಂಡರೆ ಟೊಪ್ಪಿಗೆ ದೊಡ್ಡದಾಯಿತು, ಇಲ್ಲವೆ ಯಂತ್ರದ ಒಡಲೇ ಆ ಕಿವಿಗೆ ದೊಡ್ಡದು. “ಬಳಸ್ತಾ ಬಳಸ್ತಾ ಸರಿಹೋಗುತ್ತೆ” ಎಂಬ ಅಂಗಡಿಯವರ ಸಮಾಧಾನವನ್ನು ನಂಬಬಾರದು. ಚಪ್ಪಲಿ ಹದವಾಗುವಂತೆ ಕಿವಿಯ ನಾಳ ಹದವಾಗುವುದಿಲ್ಲ. ವೈರನ್ನು ಕಿವಿಯ ಮೇಲಿನಿಂದ ಸುತ್ತಿ ಹಿಂದಕ್ಕೆ ಬಿಡುವ ಮಾದರಿಗಳಲ್ಲಿ, ವೈರು ಬಟ್ಟೆಗೆ ಉಜ್ಜಿ ಬರುವ ಸದ್ದು ಕಡಿಮೆ, ಭಾರವೂ ಹಂಚಿಹೋಗುತ್ತದೆ.

ಎರಡನೆಯದು ನಾದದ ಪರೀಕ್ಷೆ. ಪೆಟ್ಟಿಗೆಯ ಮೇಲೆ ೨೦ರಿಂದ ೨೦,೦೦೦ ಹರ್ಟ್ಸ್ ಎಂದು ಅಚ್ಚು ಹಾಕಿರುವುದುಂಟು. ಅದು ಎಳೆಯ ಕಿವಿಯ ಶ್ರವಣದ ಮಿತಿಯೇ ಹೊರತು, ಆ ಯಂತ್ರದ ಗುಣಕ್ಕೆ ಪ್ರಮಾಣಪತ್ರವಲ್ಲ. ಒಳಗಿನ ಕಂಪಿಸುವ ತಟ್ಟೆ ಇಷ್ಟು ಮಿಲಿಮೀಟರ್ ದೊಡ್ಡದೆಂಬುದೂ ಅಷ್ಟೇ. ದೊಡ್ಡ ಪಾತ್ರೆಯಲ್ಲಿ ಮಾಡಿದ ಸಾರು ರುಚಿಯಾಗಿಯೇ ಇರಬೇಕೆಂಬುದಿಲ್ಲವಷ್ಟೆ. ನಾವು ಮೂರು ಪರೀಕ್ಷೆಗಳನ್ನು ಇಟ್ಟುಕೊಂಡಿದ್ದೇವೆ.

ಮೊದಲು ಮಾತು. ಸ್ಪಷ್ಟವಾಗಿ ಓದಬಲ್ಲವರ ಕನ್ನಡ ವಾರ್ತೆಯನ್ನು ಹಾಕಿ ಕೇಳಿರಿ. ಸಕಾರ ಶಕಾರಗಳ ಭೇದವು ತಿಳಿಯಬೇಕು, ಆದರೆ ಸಕಾರವು ಹಾವಿನಂತೆ ಬುಸುಗುಟ್ಟಿ ಕಿವಿಯನ್ನು ಇರಿಯಬಾರದು. ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳ ಬಾಯಲ್ಲಿ ಈ ಅಕ್ಷರಗಳನ್ನು ತಿದ್ದಿದ ನಮಗೆ ಇದಕ್ಕಿಂತ ಸುಲಭವಾದ ಒರೆಗಲ್ಲು ಕಂಡಿಲ್ಲ. ಬಳಿಕ ತಂಬೂರಿ. ಅದರ ನಾದದಲ್ಲಿ ಮೀಟಿದ ಸ್ವರವಲ್ಲದೆ ಮೇಲೆ ಮೇಲೆ ಹುಟ್ಟುವ ಸೂಕ್ಷ್ಮಸ್ವರಗಳೂ ಒಂದು ಮುಸುಕಿನಂತೆ ಕೇಳಿಸಬೇಕು. ಬರಿಯ ಗುಂಯ್‌ಗಾರ ಮಾತ್ರ ಕೇಳಿದರೆ ಆ ಯಂತ್ರ ಮೇಲಿನ ಸ್ವರಗಳನ್ನು ನುಂಗುತ್ತಿದೆ. ಕೊನೆಗೆ ವೀಣೆ ಮೃದಂಗಗಳ ಜೊತೆ. ಮೈಸೂರು ದೊರೆಸ್ವಾಮಿ ಅಯ್ಯಂಗಾರ್ಯರ ವಾದನದ ಯಾವುದಾದರೂ ಒಳ್ಳೆಯ ಮುದ್ರಿಕೆಯಾದೀತು. ಮೃದಂಗದ ಎಡಭಾಗದ ಗುಮಕಿಯು ವೀಣೆಯ ಮೀಟನ್ನು ಮುಚ್ಚಿಬಿಟ್ಟರೆ, ತಯಾರಕರು ಗಿರಾಕಿಗಳನ್ನು ಮೆಚ್ಚಿಸಲು ಮಂದ್ರವನ್ನು ಅತಿಯಾಗಿ ಹೆಚ್ಚಿಸಿದ್ದಾರೆಂದು ತಿಳಿಯಿರಿ. ಎರಡು ಯಂತ್ರಗಳನ್ನು ಹೋಲಿಸುವಾಗ ಎರಡನ್ನೂ ಒಂದೇ ಮಟ್ಟದ ಧ್ವನಿಯಲ್ಲಿ ಕೇಳಬೇಕು. ತುಸು ಜೋರಾಗಿ ನುಡಿಯುವುದೇ ಉತ್ತಮವೆಂದು ತೋರುವುದು ಮನುಷ್ಯನ ಕಿವಿಯ ದೌರ್ಬಲ್ಯ.

ಇನ್ನು ಬೆಲೆಯ ಮಾತು. ಹಣ ಹೆಚ್ಚು ಕೊಟ್ಟಷ್ಟೂ ನಾದ ಉತ್ತಮವೆಂಬ ನಂಬಿಕೆ ಪ್ರಬಲವಾಗಿದೆ. ಯೆರೂನ್ ಬ್ರೇಬಾರ್ಟ್ ಎಂಬ ವಿಜ್ಞಾನಿ ಎಲ್ಲ ಬಗೆಯ ೨೮೩ ಹೆಡ್‌ಫೋನು ಇಯರ್‌ಫೋನುಗಳ ಅಳತೆಗಳನ್ನು ಪರಿಶೀಲಿಸಿ, ಅವು ಸ್ವರಗಳನ್ನು ನುಡಿಸುವ ಸಮತೋಲಕ್ಕೂ ಮಾರಾಟದ ಬೆಲೆಗೂ ಸಂಬಂಧ ಕಾಣಲಿಲ್ಲವೆಂದು ೨೦೧೭ರಲ್ಲಿ ಪ್ರಕಟಿಸಿದನು. ನಮ್ಮ ಅನುಭವವೂ ಅದಕ್ಕೆ ವಿರೋಧವಾಗಿಲ್ಲ. ಮೂನ್‌ಡ್ರಾಪ್, ಕೆ.ಜೆಡ್. ಮುಂತಾದ ಚೀನಾ ದೇಶದ ತಯಾರಕರ ವೈರಿನ ಇಯರ್‌ಫೋನುಗಳು ಒಂದೆರಡು ಸಾವಿರ ರೂಪಾಯಿಗಳೊಳಗೆ ದೊರೆಯುವಂತಾದ ಮೇಲೆ, ಗೃಹಸ್ಥನು ಅದಕ್ಕಿಂತ ಹೆಚ್ಚು ವೆಚ್ಚ ಮಾಡಬೇಕಾದ ಅಗತ್ಯ ನಮಗೆ ತೋರದು. ಅದರ ಮೇಲೆ ಕೊಡುವ ಹಣದ ಬಹುಭಾಗ ಹೆಸರಿಗೂ ಅಲಂಕಾರಕ್ಕೂ ಸಲ್ಲುವುದೇ ಹೆಚ್ಚು. ಸಿಂಗಸಂದ್ರದಿಂದ ಹಳದಿ ಮಾರ್ಗದಲ್ಲಿ ಆರ್. ವಿ. ರಸ್ತೆಯವರೆಗೆ ಹೋಗಿ, ಹಸಿರು ಮಾರ್ಗಕ್ಕೆ ಬದಲಾಯಿಸಿ ಚಿಕ್ಕಪೇಟೆಯಲ್ಲಿ ಇಳಿದರೆ, ಎಸ್. ಪಿ. ರಸ್ತೆಯ ಅಂಗಡಿಗಳಲ್ಲಿ ನಾನಾ ಬಗೆಗಳನ್ನು ಕಣ್ಣಾರೆ ಕಾಣಬಹುದು. ಕಿವಿಗೆ ಹಾಕುವ ವಸ್ತುವಾದುದರಿಂದ ಪೆಟ್ಟಿಗೆ ಒಡೆದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವರೋ ಇಲ್ಲವೋ ಎಂಬುದನ್ನು ಹಣ ಕೊಡುವ ಮುನ್ನವೇ ಕೇಳಿ, ರಸೀತಿಯನ್ನು ತಪ್ಪದೆ ಪಡೆಯತಕ್ಕದ್ದು. ಫೋನಿನಲ್ಲಿ ಹಳೆಯ ದುಂಡು ರಂಧ್ರವಿದೆಯೋ, ಟೈಪ್-ಸಿ ಮಾತ್ರವಿದೆಯೋ ನೋಡಿಕೊಂಡು ಹೋಗುವುದೂ ಮರೆಯಬಾರದು.

ವೈರಿರುವುದು ಮೇಲೋ, ಇಲ್ಲದ್ದು ಮೇಲೋ ಎಂಬ ವಾದ ಪ್ರತಿಮನೆಯಲ್ಲೂ ಇದೆ. ವೈರಿಲ್ಲದ್ದರ ಅನುಕೂಲ ಅಲ್ಲಗಳೆಯುವಂಥದಲ್ಲ. ನೂಕುನುಗ್ಗಲಿನಲ್ಲಿ ಸಿಕ್ಕಿಕೊಳ್ಳದು, ಅಡಿಗೆ ಮಾಡುತ್ತಲೂ ಕೇಳಬಹುದು. ಆದರೆ ಅದೇ ಬೆಲೆಗೆ ಅದರಲ್ಲಿ ರೇಡಿಯೋ, ಬ್ಯಾಟರಿ, ಮೈಕು, ಡಬ್ಬಿ ಇವೆಲ್ಲವೂ ಅಡಗಬೇಕಾದ ಕಾರಣ, ನಾದಕ್ಕೆ ಉಳಿಯುವ ಪಾಲು ಸ್ವಲ್ಪ. ಅಲ್ಲದೆ ಆ ಪುಟ್ಟ ಬ್ಯಾಟರಿಗಳು ಕೆಲವು ವರ್ಷಗಳಲ್ಲಿ ಶಕ್ತಿಗುಂದುತ್ತವೆ. ಬದಲಾಯಿಸುವುದು ಸಾಮಾನ್ಯವಾಗಿ ಸಾಧ್ಯವಾಗದು. ವೈರನ್ನು ಕಳಚಿ ಬೇರೆ ಹಾಕಬಹುದಾದ ಮಾದರಿಯಾದರೋ, ವೈರು ಕಡಿದರೂ ಯಂತ್ರ ಉಳಿಯುವುದು. ಹೊರಗಿನ ಸದ್ದನ್ನು ಅಡಗಿಸುವ ವಿಶೇಷ ಯಂತ್ರಗಳು, ಹೊರಸದ್ದನ್ನು ಮೈಕಿನಿಂದ ಗ್ರಹಿಸಿ ಅದಕ್ಕೆ ವಿರುದ್ಧವಾದ ಅಲೆಯನ್ನು ಎಬ್ಬಿಸಿ ಎರಡನ್ನೂ ಸರಿದೂಗಿಸುತ್ತವೆ. ಬಸ್ಸಿನ ಎಂಜಿನ್ನಿನ ಒಂದೇ ಸಮನಾದ ಮೊರೆತಕ್ಕೆ ಇದು ಚೆನ್ನಾಗಿ ಒದಗುವುದು. ಪಕ್ಕದವರ ಹರಟೆಗೆ ಅಷ್ಟಾಗಿ ಒದಗದು. ಸಂಗೀತಕ್ಕೂ ಮನೆಯ ಬಳಕೆಗೂ ವೈರಿನದು, ದಿನನಿತ್ಯ ದೂರ ಪ್ರಯಾಣಕ್ಕೆ ವೈರಿಲ್ಲದ್ದು ಎಂಬುದು ನಮ್ಮ ತೀರ್ಪು.

ಇಷ್ಟೆಲ್ಲ ಆರಿಸಿ ತಂದರೂ, ಧ್ವನಿಯ ಮಟ್ಟವನ್ನು ಹಿಡಿತದಲ್ಲಿಡದಿದ್ದರೆ ಫಲವಿಲ್ಲ. ೮೦ ಡೆಸಿಬೆಲ್ ಮಟ್ಟದ ಧ್ವನಿಯನ್ನು ವಾರಕ್ಕೆ ೪೦ ಗಂಟೆ ಕೇಳಬಹುದು, ೯೦ ಡೆಸಿಬೆಲ್ ಆದರೆ ವಾರಕ್ಕೆ ನಾಲ್ಕೇ ಗಂಟೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಹತ್ತು ಡೆಸಿಬೆಲ್ ಏರಿದರೆ ಕಿವಿಗೆ ಬೀಳುವ ಶಕ್ತಿ ಹತ್ತುಪಟ್ಟಾಗುವುದೇ ಇದಕ್ಕೆ ಕಾರಣ. ಅಳೆಯುವ ಸಾಧನವಿಲ್ಲದ ನಮ್ಮಂಥವರು ಫೋನಿನ ಪೂರ್ಣ ಧ್ವನಿಯ ಶೇಕಡಾ ೬೦ನ್ನು ದಾಟದಿರುವುದು, ಗಂಟೆಗೊಮ್ಮೆ ಕಿವಿಗೆ ಬಿಡುವು ಕೊಡುವುದು ಒಳ್ಳೆಯದು. ಒಬ್ಬರದನ್ನು ಮತ್ತೊಬ್ಬರು ತೊಡಬಾರದು. ಟೊಪ್ಪಿಗೆಗಳನ್ನು ಬಿಚ್ಚಿ ಸಾಬೂನಿನ ನೀರಿನಲ್ಲಿ ತೊಳೆದು ಚೆನ್ನಾಗಿ ಒಣಗಿಸಿ ಹಾಕಬೇಕು. ಯಂತ್ರದ ಜಾಲರಿಯನ್ನು ಒಣ ಕುಂಚದಿಂದ ಮೆಲ್ಲನೆ ಉಜ್ಜಿದರೆ ಸಾಕು. ಗುಗ್ಗೆ ತೆಗೆಯಲೆಂದು ಕಡ್ಡಿ ಪಿನ್ನುಗಳನ್ನು ಕಿವಿಗೆ ಹಾಕುವ ಅಭ್ಯಾಸವನ್ನು ಬಿಡತಕ್ಕದ್ದು. ಹೊಸೂರು ರಸ್ತೆಯಂಥ ಹೆದ್ದಾರಿಯನ್ನು ದಾಟುವಾಗ ಇಯರ್‌ಫೋನು ಜೇಬಿನಲ್ಲಿರಲಿ; ಆಗ ಕಿವಿಯೂ ಕಣ್ಣಿನಷ್ಟೇ ಬೇಕು.

ನಮ್ಮ ಮಗಳು ಈಗ ತನ್ನ ಕಿವಿಗೆ ಹೊಂದುವ ವೈರಿನ ಇಯರ್‌ಫೋನನ್ನು ತಾನೇ ಆರಿಸಿಕೊಂಡಿದ್ದಾಳೆ. ಅದೇ ಬಸ್ಸಿನಲ್ಲಿ, ಅದೇ ಮಾತುಗಳನ್ನು, ಹಿಂದಿನ ಅರ್ಧದಷ್ಟು ಧ್ವನಿಯಲ್ಲಿಯೇ ಕೇಳುತ್ತಾಳೆ. ಮೊನ್ನೆ ಮಳೆ ಬಿಟ್ಟ ರಾತ್ರಿ ಅವಳು ವೀಣೆಯನ್ನು ಹೊರತೆಗೆದು ಶ್ರುತಿ ಕೂಡಿಸುತ್ತ, ನಮ್ಮ ಕಿವಿಗೆ ಸರಿಯಾಗಿಯೇ ಇದ್ದ ತಂತಿಯನ್ನು ಇನ್ನೂ ಕೂದಲೆಳೆಯಷ್ಟು ಏರಿಸಿದಳು. ನಡುವೆ ಕೈ ನಿಲ್ಲಿಸಿ, “ಅಪ್ಪ, ಹಿಂದಿನ ಸೈಟಿನಲ್ಲಿ ಜೀರುಂಡೆ ಎಷ್ಟು ಕೂಗ್ತಿವೆ, ಕೇಳಿಸ್ತಾ?” ಎಂದಳು. ನಾವು ಕಿಟಕಿಯ ಬಳಿಗೆ ಹೋಗಿ ನಿಂತೆವು. ವಯಸ್ಸಿನೊಡನೆ ಮೇಲಿನ ಸ್ವರಗಳು ಒಂದೊಂದಾಗಿ ನಮ್ಮನ್ನು ಬಿಟ್ಟುಹೋಗಿವೆ. ನಮಗೆ ಏನೂ ಕೇಳಿಸಲಿಲ್ಲ. “ಕೇಳಿಸ್ತಮ್ಮ” ಎಂದೆವು. ಈ ಸಲ ಅವು ಹೊರಗಿದ್ದವು, ಅವಳ ಕಿವಿಗೆ ಕೇಳಿಸುತ್ತಿದ್ದವು. ನಮಗೆ ಅಷ್ಟೇ ಸಾಕಾಗಿತ್ತು.