ಹೆಬ್ಬೆರಳ ಕೆಳಗಿನ ಊರು

ಸಾವನದುರ್ಗದ ಬುಡದಲ್ಲಿ, ವೀರಭದ್ರಸ್ವಾಮಿ ಗುಡಿಯ ಹತ್ತಿರ ಬೆಳಿಗ್ಗೆ ಆರೂವರೆಗೆ ಹೋದಾಗ ಸುಬೇದಾರ್ರು ಹುಣಸೆ ಬೀಜ ಎಣಿಸುತ್ತ ಕೂತಿದ್ದರು. ಇಪ್ಪತ್ತು ಬೀಜ ಬಲಜೇಬಿಗೆ ಹೋದವು. ಎಡಜೇಬು ಖಾಲಿ.

‘ನೂರು ಮೀಟರಿಗೆ ನನ್ನ ಎಡಗಾಲು ಅರವತ್ತೆರಡು ಸಲ ನೆಲ ಮುಟ್ಟುತ್ತೆ. ಅಷ್ಟಾಯಿತೋ, ಒಂದು ಬೀಜ ಈ ಕಡೆಯಿಂದ ಆ ಕಡೆಗೆ. ದಿಬ್ಬ ಹತ್ತುವಾಗ ಎಪ್ಪತ್ತು ದಾಟುತ್ತೆ. ನಿಮ್ಮದು ಎಷ್ಟು?’

ನನ್ನದು ಎಷ್ಟೆಂದು ಐವತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ನಾನು ಹೋದದ್ದು ಸಾಹಸ ಓಟದ ಬಗ್ಗೆ ಬರೆಯಲು. ತಂಡ ಕಟ್ಟಿಕೊಂಡು ಓಡುವುದು, ಸೈಕಲ್ ತುಳಿಯುವುದು, ದೋಣಿ ಹುಟ್ಟು ಹಾಕುವುದು, ನಡುನಡುವೆ ಕಾಡಿನಲ್ಲಿ ಅಡಗಿರುವ ಬಿಳಿ-ಕಿತ್ತಳೆ ಬಾವುಟಗಳನ್ನು ಹುಡುಕುವುದು. ಕೈಯಲ್ಲಿ ನಕ್ಷೆ, ದಿಕ್ಸೂಚಿ ಮಾತ್ರ. 1989ರಲ್ಲಿ ನ್ಯೂಜಿಲೆಂಡಿನಲ್ಲಿ ಫ್ರೆಂಚರು ನಡೆಸಿದ ‘ರೇಡ್ ಗೋಲ್ವಾಸ್’ ಈ ಆಟಕ್ಕೆ ಹೆಸರು ತಂದಿತು. 2019ರಲ್ಲಿ ಫಿಜಿಯಲ್ಲಿ ನಡೆದ ಇಕೋ-ಚಾಲೆಂಜ್‌ನಲ್ಲಿ 66 ತಂಡಗಳು 671 ಕಿಲೋಮೀಟರ್ ದಾರಿಗೆ ಇಳಿದಿದ್ದವು. ನಮ್ಮಲ್ಲಿ ಸರ್ಕಾರದ ಜನರಲ್ ತಿಮ್ಮಯ್ಯ ಸಾಹಸ ಅಕಾಡೆಮಿ ಬಂಡೆ ಹತ್ತುವುದನ್ನೂ ನೀರಾಟವನ್ನೂ ಕಲಿಸುತ್ತದೆ. ಇವೆಲ್ಲ ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲೇ ಉಳಿದವು. ಮಿಕ್ಕ ಪುಟಗಳನ್ನೆಲ್ಲ ಸುಬೇದಾರ್ರು ತಿಂದುಹಾಕಿದರು.

ಅಲಸೂರು ಕೆರೆ ಪಕ್ಕದ, ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ಕಲಿತವರು, ಊರು ಹಾಸನದ ಕಡೆ. ನಿವೃತ್ತಿಯ ನಂತರ ಭಾನುವಾರಗಳಲ್ಲಿ ಓಟಕ್ಕೆ ತಯಾರಾಗುವ ಹುಡುಗ ಹುಡುಗಿಯರಿಗೆ ದಾರಿ ಕಾಣುವುದನ್ನು ಹೇಳಿಕೊಡುತ್ತಾರೆ. ಮೊದಲ ಪಾಠ ಹೆಬ್ಬೆರಳಿನದು. ನಕ್ಷೆಯನ್ನು ಚಿಕ್ಕದಾಗಿ ಮಡಚಿ, ನೀವು ನಿಂತ ಜಾಗದ ಮೇಲೆ ಹೆಬ್ಬೆರಳ ಉಗುರು ಇಡಬೇಕು. ನೀವು ನಡೆದಂತೆ ಅದೂ ನಡೆಯಬೇಕು. ನಕ್ಷೆಯಲ್ಲಿ ಎರಡು ಸೆಂಟಿಮೀಟರ್ ಎಂದರೆ ನೆಲದಲ್ಲಿ ಒಂದು ಕಿಲೋಮೀಟರ್. ‘ಬೆರಳು ತೆಗೆದರೆ ಕಳೆದುಹೋದೆ ಅಂತಲೇ ಲೆಕ್ಕ, ಮರಿ.’

ಎರಡನೆಯ ಪಾಠ ನನಗೆ ತುಂಬಾ ಹಿಡಿಸಿತು. ಒಂದು ಮೈಲಿ ಆಚೆ ಕೆರೆಯ ತೂಬಿಗೆ ಹೋಗಬೇಕು ಎನ್ನಿ. ದಿಕ್ಸೂಚಿ ಹಿಡಿದು ನೇರ ತೂಬಿಗೇ ಗುರಿಯಿಟ್ಟರೆ ಎಷ್ಟೇ ಜಾಣರಿದ್ದರೂ ಆಚೀಚೆ ತಪ್ಪುತ್ತದೆ. ಏರಿ ಸಿಕ್ಕಾಗ ತೂಬು ಬಲಕ್ಕೋ ಎಡಕ್ಕೋ ತಿಳಿಯದು. ಅದಕ್ಕೆ ಬೇಕೆಂದೇ ಎಡಕ್ಕೆ ತಪ್ಪಬೇಕು. ಏರಿ ಕಾಲಿಗೆ ಸಿಕ್ಕಿದ ಕೂಡಲೇ ಯೋಚಿಸದೆ ಬಲಕ್ಕೆ ತಿರುಗುವುದು.

ದಿಕ್ಸೂಚಿಯ ಮೇಲೆ ಅವರಿಗೆ ಪ್ರೀತಿ ಇದೆ, ಕುರುಡು ನಂಬಿಕೆ ಇಲ್ಲ. ಅದಕ್ಕೆ ಕಾರಣ ದುವ್ವಾಡ. ವಿಶಾಖಪಟ್ಟಣಕ್ಕೆ ಮೊದಲು ಸಿಗುವ ಜಂಕ್ಷನ್ ಅದು, ಉಕ್ಕಿನ ಕಾರ್ಖಾನೆಯ ಮಗ್ಗುಲಲ್ಲಿದೆ. ವಿಶಾಖಪಟ್ಟಣ ನಿಲ್ದಾಣಕ್ಕೆ ಹೋದರೆ ಎಂಜಿನ್ನನ್ನು ಇನ್ನೊಂದು ತುದಿಗೆ ಕಟ್ಟಬೇಕಾದ್ದರಿಂದ ಎಷ್ಟೋ ದೂರದ ಗಾಡಿಗಳು ದುವ್ವಾಡದಿಂದಲೇ ತಪ್ಪಿಸಿಕೊಂಡು ಹೋಗುತ್ತವೆ. ಎಳೆಯ ಸಿಪಾಯಿಯಾಗಿದ್ದಾಗ ಇವರು ಅಲ್ಲಿ ಇಳಿದು, ಸಮುದ್ರ ಇರುವುದು ಪೂರ್ವಕ್ಕೆ ತಾನೇ ಎಂದು ಪ್ಲಾಟ್‌ಫಾರ್ಮಿನ ಮೇಲೆ ದಿಕ್ಸೂಚಿ ತೆಗೆದರು. ಪಕ್ಕದಲ್ಲಿ ಉಕ್ಕಿನ ಸುರುಳಿ ತುಂಬಿದ ಗೂಡ್ಸ್ ನಿಂತಿತ್ತು. ಮುಳ್ಳು ಗೂಡ್ಸಿನ ಕಡೆಗೆ ವಾಲಿತು. ಅಲ್ಲಿಂದ ದೂರ ಸರಿದು ನೋಡಿದರೆ ಇನ್ನೊಂದು ಅಚ್ಚರಿ: ಆ ಕರಾವಳಿ ಓರೆಯಾಗಿ ಈಶಾನ್ಯಕ್ಕೆ ಹೋಗುತ್ತದೆ, ಸಮುದ್ರ ಇರುವುದು ಆಗ್ನೇಯಕ್ಕೆ. ‘ಒಂದೇ ಸಂಜೆ ಎರಡು ಸಲ ಮೂರ್ಖನಾದೆ’ ಎಂದು ಈಗಲೂ ನಗುತ್ತಾರೆ. ಆಗ ಆ ಊರಿನ ಟೋಪೋಶೀಟ್, ಅಂದರೆ ಸರ್ವೆಯವರ ವಿವರ ನಕ್ಷೆ, ಹೊರಗಿನವರಿಗೆ ಸಿಗುತ್ತಲೂ ಇರಲಿಲ್ಲ. ಕರಾವಳಿ, ಗಡಿಗಳ ಹಾಳೆಗಳು 2005ರ ನಕ್ಷಾ ನೀತಿಯವರೆಗೆ ನಿರ್ಬಂಧಿತ.

ನಕ್ಷೆಯ ಇತಿಹಾಸ ಕೇಳಿದ್ದಕ್ಕೆ ಮಾತಿನಲ್ಲೇ ಶ್ರೀರಂಗಪಟ್ಟಣಕ್ಕೆ ಕರೆದೊಯ್ದರು. 1799ರ ಏಪ್ರಿಲಿನ ಒಂದು ರಾತ್ರಿ, ಬ್ರಿಟಿಷ್ ಜನರಲ್ ಬೇರ್ಡ್‌ನ ದಂಡು ಕತ್ತಲಲ್ಲಿ ದಕ್ಷಿಣಕ್ಕೆಂದುಕೊಂಡು ಉತ್ತರಕ್ಕೆ, ಟಿಪ್ಪುವಿನ ಸೇನೆಯತ್ತಲೇ ಹೊರಟಿತ್ತು. ಲ್ಯಾಂಬ್ಟನ್ ಎಂಬ ಅಧಿಕಾರಿ ನಕ್ಷತ್ರ ನೋಡಿ ಎಚ್ಚರಿಸಿದ. ಜನರಲ್ ಕಿವಿಗೊಡಲಿಲ್ಲ. ಆಮೇಲೆ ದೀಪ ಹಚ್ಚಿ ಜೇಬಿನ ದಿಕ್ಸೂಚಿ ನೋಡಿದರೆ ನಕ್ಷತ್ರದ ಮಾತೇ ಸರಿ. ಅದೇ ಲ್ಯಾಂಬ್ಟನ್ ಮರುವರ್ಷ ಬೆಂಗಳೂರಿನ ಬಳಿ ಸರಪಳಿ ಎಳೆದು ನೆಲ ಅಳೆಯತೊಡಗಿದ. ದೇಶದ ಮಹಾ ಸರ್ವೆಗೆ ಅದು ಪೀಠಿಕೆ. ನಮ್ಮವರ ಪಕ್ಷ ಹಿಡಿದರೆ ಅವನ ಕಣ್ಣು ಅಂದು ಮಂಕಾಗಿದ್ದರೇ ಚೆನ್ನಾಗಿರುತ್ತಿತ್ತು. ಸುಬೇದಾರ್ರು ಮಾತ್ರ ಕಸುಬಿನವನ ಪಕ್ಷ.

ಈಗ ನಕ್ಷೆ ಸಿಗುತ್ತದೆ. ಸರ್ವೆ ಆಫ್ ಇಂಡಿಯಾ 2017ರಲ್ಲಿ ತೆರೆದ ಜಾಲತಾಣದ ಹೆಸರೇ ‘ನಕ್ಷೆ’. ಯಾರು ಇಟ್ಟರೋ, ಕನ್ನಡದ ಕಿವಿಗೆ ಹಿತ. ಕಾಡು ಮಾತ್ರ ಸಲೀಸಾಗಿ ಸಿಗುವುದಿಲ್ಲ. ಓಟ ನಡೆಸುವವರು ಅರಣ್ಯ ಇಲಾಖೆಯ ಅನುಮತಿಗೆ ತಿಂಗಳುಗಟ್ಟಲೆ ಅಲೆಯುತ್ತಾರೆ. ಕರಡಿ, ಚಿರತೆ ಇರುವ ಜಾಗದಲ್ಲಿ ಇಲಾಖೆಯ ಭಯವೂ ಸುಳ್ಳಲ್ಲ. ಆದರೂ ಶಾಲೆಯ ಮಕ್ಕಳಿಗೆ ಊರ ಸುತ್ತಲಿನ ಒಂದು ಹಾಳೆ ಓದಿಸಲು ಯಾರ ಅನುಮತಿ ಬೇಕು ಎಂದು ನನಗನ್ನಿಸಿತು.

ಹೊರಡುವಾಗ ಸುಬೇದಾರ್ರು ತಮ್ಮ ಹಳೆಯ 57 ಎಚ್/5 ಟೋಪೋಶೀಟಿನ ಒಂದು ನಕಲನ್ನು ನನಗೆ ಕೊಟ್ಟರು. ಮೂಲದಲ್ಲಿ ಅವರ ಹೆಬ್ಬೆರಳು ತಿರುಗಾಡಿದ ಕಡೆಯೆಲ್ಲ ಬಣ್ಣ ಸವೆದು ಊರುಗಳ ಹೆಸರು ಅಳಿಸಿದ್ದವು; ನಕಲಿನಲ್ಲಿ ಅಲ್ಲಿ ಬರೀ ಬಿಳುಪು. ಬಸ್ಸಿನಲ್ಲಿ ಮಡಚಿ, ಉಗುರು ಇಟ್ಟು ಕೂತೆ. ಮಾಗಡಿ ದಾಟಿದ ಮೇಲೆ ಒಂದು ಕಡೆ ಬಸ್ಸು ಸಣ್ಣಗೆ ಏರಿ ಇಳಿಯಿತು. ಕಿಟಕಿಯಾಚೆ ಸಾಲಾಗಿ ನೆಟ್ಟ ಸೈಟುಕಲ್ಲುಗಳು. ಉಗುರಿನ ಕೆಳಗೆ ನೋಡಿದೆ: ಕೆರೆ ಏರಿ, ಅದರ ಪಕ್ಕಕ್ಕೆ ಉಗುರಿನಷ್ಟು ನೀಲಿ.